ಮೇಲಿನ ಬೋಲ್ಟು

ಕಾರಿನ ಕೆಳಗೆ ಅಂಗಾತ ಮಲಗಿದ್ದ ಕೀರ್ತಿರಾಜನಿಗೆ ಅವನ ಮಾವ ನೇಮಿರಾಜಯ್ಯನವರ ಪಾದಗಳು ಮಾತ್ರ ಕಾಣುತ್ತಿದ್ದವು. ಬಿಳಿ ಪಂಚೆಯ ಅಂಚು, ಅದರ ಕೆಳಗೆ ಚರ್ಮ ಬಳಸದ ಬಟ್ಟೆಯ ಚಪ್ಪಲಿ, ಚಪ್ಪಲಿಯ ತುದಿಯಲ್ಲಿ ನಿಶ್ಚಿಂತೆಯಿಂದ ಆಡುತ್ತಿದ್ದ ಎರಡು ಹೆಬ್ಬೆರಳು. ಮುಖ ನೋಡಿಕೊಂಡು ಸುಳ್ಳು ಹೇಳುವುದು ಅವನಿಗೆ ರೂಢಿಯಿತ್ತು. ಮೇಷ್ಟರ ಕೆಲಸದಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಪಾದ ನೋಡಿಕೊಂಡು ಹೇಳುವುದು ಎಷ್ಟು ಕಷ್ಟವೆಂದು ಮಾತ್ರ ಇವತ್ತೇ ಗೊತ್ತಾಯಿತು. "ಆಯ್ತಾ ಬಂತಾ ಅಳಿಯಂದ್ರೇ?" ಎಂದು ಪಾದಗಳ ಮೇಲೆ ಎಲ್ಲಿಂದಲೋ ಧ್ವನಿ ಬಂತು. "ಇನ್ನೇನು ಮಾವ, ಐದೇ ನಿಮಿಷ" ಎಂದ. ಇದು ನಾಲ್ಕನೆಯ ಐದು ನಿಮಿಷ. ಹೆಬ್ಬೆರಳುಗಳು ಈ ಸಲವೂ ನಂಬಿದವು. ಅವು ಒಮ್ಮೆಯಾದರೂ ಅನುಮಾನಪಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಗತಿ ದೊಡ್ಡದೇನಲ್ಲ. ಗೇರ್‌ಬಾಕ್ಸಿಗೆ ಎರಡು ಬೋಲ್ಟು. ಕೆಳಗಿನದನ್ನು ಬಿಚ್ಚಿದರೆ ಹಳೆಯ ಎಣ್ಣೆ ಇಳಿಯುತ್ತದೆ. ಪಕ್ಕದಲ್ಲಿ ಸ್ವಲ್ಪ ಮೇಲಿರುವುದನ್ನು ಬಿಚ್ಚಿದರೆ ಹೊಸ ಎಣ್ಣೆ ಹಾಕಬಹುದು. ಅದೇ ತೂತಿನಿಂದ ಹೊರಕ್ಕೆ ಚೆಲ್ಲುವವರೆಗೆ ಹಾಕಬೇಕು, ಚೆಲ್ಲಿದರೆ ತುಂಬಿತೆಂದು ಅರ್ಥ. ಇಷ್ಟನ್ನು ಅವನು ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ವಿಭಾಗದ ಮಕ್ಕಳಿಗೆ ಹತ್ತೊಂಬತ್ತು ವರ್ಷಗಳಿಂದ ಪಾಠ ಮಾಡುತ್ತ ಬಂದಿದ್ದ. ಹತ್ತೊಂಬತ್ತು ವರ್ಷದಲ್ಲಿ ತನ್ನ ಕೈಯಾರೆ ಒಂದು ಬೋಲ್ಟನ್ನೂ ಬಿಚ್ಚಿರಲಿಲ್ಲ. ಬೋರ್ಡಿನ ಮೇಲೆ ಗೇರ್‌ಬಾಕ್ಸಿನ ಚಿತ್ರ ಬಿಡಿಸುವುದರಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲಿರಲಿಲ್ಲ. ನಾಲ್ಕು ಬಣ್ಣದ ಸೀಮೆಸುಣ್ಣ, ಬಾಣದ ಗುರುತು, ಎಲ್ಲ. ಚಿತ್ರದ ಬೋಲ್ಟಿಗೆ ತುಕ್ಕು ಹಿಡಿಯುವುದಿಲ್ಲ. ಚಿತ್ರದ ಕಾರಿನ ಕೆಳಗೆ ತಲೆಗೆ ಏನೂ ಬಡಿಯುವುದಿಲ್ಲ. ಈಗ ಕೆಳಗಿನ ಬೋಲ್ಟು ಬಿಚ್ಚಿ, ಗೇರ್‌ಬಾಕ್ಸಿನ ಎಣ್ಣೆಯೆಲ್ಲ ಮಗಳು ತ್ರಿಷಾಳಿಗೆ ಒಂದು ಕಾಲದಲ್ಲಿ ಸ್ನಾನ ಮಾಡಿಸುತ್ತಿದ್ದ ನೀಲಿ ಟಬ್ಬಿಗೆ ಇಳಿದಿತ್ತು. ಮೇಲಿನದು ಮಿಸುಕುತ್ತಿರಲಿಲ್ಲ. ಮಾವನವರ ಕಾರು ಒಣಗಿದ ಹೊಟ್ಟೆಯಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಸ್ಟ್ಯಾಂಡುಗಳು ಕಾಲೇಜಿನವು. ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ವರ್ಕ್‌ಶಾಪಿನ ಅಟೆಂಡರ್ ಸಣ್ಣಯ್ಯ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ತಾವೇನಾ ಸಾ?" ಎಂದು ಕೇಳಿದ್ದ. ಆ ಎರಡು ಶಬ್ದ ಮೂರು ದಿನದಿಂದ ಕೀರ್ತಿರಾಜನ ಹೊಟ್ಟೆಯಲ್ಲಿ ಅರಗದೆ ಕೂತಿದ್ದವು.

ಯಾರೂ ಕೇಳಿರಲಿಲ್ಲ, ಅವನೇ ಮೈಮೇಲೆ ಎಳೆದುಕೊಂಡದ್ದು. ಚನ್ನರಾಯಪಟ್ಟಣದ ಮಾವನ ಮನೆಯಲ್ಲಿ, ಹೋಳಿಗೆ ಉಂಡು ಗೋಡೆಗೆ ಒರಗಿದ್ದಾಗ, ನಾಲ್ಕು ಜನ ನೆಂಟರೆದುರು ಮಾತು ಈ ಕಾರಿನ ಕಡೆ ತಿರುಗಿತ್ತು. ಅರ್ಧ ಪೆಟ್ರೋಲು ಅರ್ಧ ಬ್ಯಾಟರಿಯ ಹೈಬ್ರಿಡ್ ಕಾರು. ಹೊಗೆ ಕಡಿಮೆ, ಸದ್ದು ಕಡಿಮೆ, ಆದ್ದರಿಂದ ಜೀವಿಗಳಿಗೆ ತೊಂದರೆಯೂ ಕಡಿಮೆ ಎಂದು ಲೆಕ್ಕ ಹಾಕಿ ಪಾತ್ರೆ ಅಂಗಡಿಯ ನೇಮಿರಾಜಯ್ಯನವರು ಎಪ್ಪತ್ತರ ವಯಸ್ಸಿನಲ್ಲಿ ಕೊಂಡದ್ದು. ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸುವುದೇ ಬೇಡವಂತೆ ಎಂದು ಯಾರೋ ಅಂದರು. ಕೀರ್ತಿರಾಜ ಕಣ್ಣು ಅರ್ಧ ಮುಚ್ಚಿಕೊಂಡೇ, "ಅದೆಲ್ಲ ಹಾಗೆ ಹೇಳ್ತಾರೆ. ಎಂಬತ್ತು ಸಾವಿರ ಕಿಲೋಮೀಟರ್ ಆದ್ಮೇಲೆ ಬದಲಾಯಿಸ್ಲೇಬೇಕು. ಅರ್ಧ ಗಂಟೆ ಕೆಲಸ, ಮನೇಲೇ ಮಾಡ್ಬೋದು" ಎಂದುಬಿಟ್ಟ. ಹೋಳಿಗೆ ಆಡಿಸಿದ ಮಾತು. ಮಾವನವರು ಅದನ್ನು ಶಾಸನದಂತೆ ಸ್ವೀಕರಿಸಿ, ಕಾರು ಎಂಬತ್ತು ಸಾವಿರ ದಾಟಿದ ವಾರವೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಬರುವಾಗ ದಾರಿಯಲ್ಲಿ ಸಿಕ್ಕ ಮೂವರಿಗೆ, "ನಮ್ಮ ಅಳಿಯಂದ್ರೇ ಮಾಡ್ಕೊಡ್ತಾರೆ, ಗ್ಯಾರೇಜಿನ ಹಂಗು ನಮಗ್ಯಾಕೆ" ಎಂದು ಹೇಳಿಯೂ ಇದ್ದರು.

ಹೆಂಡತಿ ಜ್ವಾಲಾಮಾಲಿನಿ ಮನೆಯಲ್ಲಿದ್ದಿದ್ದರೆ ಹೇಗೋ ತಡೆಯುತ್ತಿದ್ದಳು. ಅವಳು ತ್ರಿಷಾಳನ್ನು ಕರೆದುಕೊಂಡು ಅರಕಲಗೂಡಿಗೆ ಗೆಳತಿಯ ಮಗನ ಆರತಕ್ಷತೆಗೆ ಹೋಗಿದ್ದಳು. ರಾತ್ರಿ ಊಟವಿರುವ ಕಡೆ ಮಾವ ಹೋಗುವುದಿಲ್ಲ. ಜೈನ ವ್ರತದಂತೆ ಸೂರ್ಯ ಮುಳುಗಿದ ಮೇಲೆ ಅವರು ಏನನ್ನೂ ಬಾಯಿಗೆ ಹಾಕುವವರಲ್ಲ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಐದೂವರೆ ಒಳಗೆ ಅಪ್ಪನಿಗೆ ಬಡಿಸಿ. ಊಟಕ್ಕೆ ಕೂತ್ರೆ ಅವ್ರು ಮೌನ, ಏನು ಬೇಕು ಅಂತ ನೀವೇ ನೋಡ್ಕೋಬೇಕು. ಕೊನೇಲಿ ಒಂದು ದೊಡ್ಡ ಲೋಟ ಮಜ್ಜಿಗೆ. ಅದಾದ್ಮೇಲೆ ಬೆಳಗಿನ ತನಕ ನೀರೂ ಇಲ್ಲ ಅವ್ರಿಗೆ, ಗೊತ್ತಲ್ಲ? ಮಜ್ಜಿಗೆ ಮರೀಬೇಡಿ" ಎಂದಿದ್ದಳು. ಮಜ್ಜಿಗೆ ಮರೆಯುವ ಗಂಡಸಿನ ಹಾಗೆ ತನ್ನನ್ನು ನೋಡುತ್ತಾಳಲ್ಲ ಎಂದು ಅವನಿಗೆ ಸಿಟ್ಟು ಬಂದಿತ್ತು.

ಎರಡು ಗಂಟೆಗೇ ಶುರುಮಾಡಿದ್ದ. ಆದರೆ ಕಾರಿನ ಕೆಳಗೆ ಅಡ್ಡಲಾಗಿ ಇರುವೆಗಳ ಸಾಲು ಹೊರಟಿತ್ತು. ನೇಮಿರಾಜಯ್ಯನವರು ಬಗ್ಗಿ ನೋಡಿ, "ಅವು ದಾಟ್ಲಿ ಅಳಿಯಂದ್ರೇ, ಪಾಪ, ಸಂಸಾರ ಕಟ್ಕೊಂಡು ಒಂಟವೆ" ಎಂದರು. ದಾಟಲಿಲ್ಲ; ಹಿಂದಿನಿಂದ ಬರುತ್ತಲೇ ಇದ್ದವು. ಮಾವನವರು ಒಳಗಿನಿಂದ ಒಂದು ಹಿಡಿ ರವೆ ತಂದು ಗೇಟಿನ ಬಳಿ ಸುರಿದು, ಇರುವೆಗಳ ಮನವೊಲಿಸಿ, ಸಾಲು ತಿರುಗುವವರೆಗೆ ಕುಕ್ಕುರುಗಾಲಲ್ಲಿ ಕೂತರು. ಮೂರೂಕಾಲಾಯಿತು. ಆ ಒಂದೂಕಾಲು ಗಂಟೆ ತನ್ನ ಬದುಕಿನ ಅತ್ಯಂತ ಸುಖದ ಹೊತ್ತಾಗಿತ್ತೆಂದು ಈಗ ಕಾರಿನ ಕೆಳಗೆ ಮಲಗಿ ಯೋಚಿಸುವಾಗ ಕೀರ್ತಿರಾಜನಿಗೆ ಅನಿಸಿತು. ಇರುವೆಗಳು ಇನ್ನೂ ನಾಲ್ಕು ಸಂಸಾರ ಹೊರಡಿಸಿದ್ದರೆ ಹೊತ್ತು ಮುಳುಗಿ ಹೋಗುತ್ತಿತ್ತು, ಎಣ್ಣೆಯ ಮಾತು ಇನ್ನೊಂದು ಭಾನುವಾರಕ್ಕೆ, ಹಾಗೆಯೇ ಇನ್ನೊಂದು ಜನ್ಮಕ್ಕೆ ಮುಂದೆ ಹೋಗುತ್ತಿತ್ತು.

ಮತ್ತೆ ಸ್ಪ್ಯಾನರ್ ಹಾಕಿ ಜಗ್ಗಿದ. ಬೆರಳ ಗಿಣ್ಣು ಸುಲಿಯಿತು. ಬೋಲ್ಟು ಹಾಗೇ ಇತ್ತು. ಎಷ್ಟು ಜಗ್ಗಿದರೆ ಅಷ್ಟು ಬಿಗಿಯಾಗುತ್ತಿದೆಯೇನೋ ಎನ್ನುವ ಹಾಗೆ ಕೂತಿತ್ತು. "ಮಾವ, ನೀವು ಊಟ ಮಾಡ್ಬಿಡಿ, ನಾಲ್ಕೂವರೆ ಆಯ್ತು" ಎಂದು ಪಾದಗಳಿಗೆ ಹೇಳಿದ. "ಎಲ್ಲಾದ್ರೂ ಉಂಟಾ! ನೀವು ಮಣ್ಣಾಗೆ ಮಲಗಿರ್ತೀರಿ, ನಾನು ತಟ್ಟೆ ಮುಂದೆ ಕೂತ್ಕಳಾದಾ? ನೀವು ಎದ್ದು ಬರೋಗಂಟ ನಾನು ಕೂರಾಕಿಲ್ಲ. ಐದು ಐವತ್ತೈದರ ತನಕ ಹೊತ್ತೈತೆ ಬುಡಿ" ಎಂದು ನೇಮಿರಾಜಯ್ಯನವರು ಅಂಗಿಯ ಜೇಬಿನ ಪುಟ್ಟ ಪಂಚಾಂಗ ತಟ್ಟಿಕೊಂಡರು. ಆ ತಟ್ಟಿದ ಸದ್ದು ಅವನ ಎದೆಗೆ ಬಿತ್ತು. ಈ ಬೋಲ್ಟು ಬಿಚ್ಚದಿದ್ದರೆ ಎಪ್ಪತ್ತನಾಲ್ಕು ವರ್ಷದ ಮನುಷ್ಯ ಇವತ್ತು ಉಪವಾಸ ಮಲಗುತ್ತಾರೆ. ಬೆಳಿಗ್ಗೆ ಎರಡು ಇಡ್ಲಿ ತಿಂದದ್ದು ಬಿಟ್ಟರೆ ಅವರ ಹೊಟ್ಟೆಯಲ್ಲಿ ಏನೂ ಇಲ್ಲ. ಒಣಗಿದ ಗೇರ್‌ಬಾಕ್ಸು ಮತ್ತು ಒಣಗಿದ ಮಾವ, ಎರಡರ ಪಾಪವೂ ಒಬ್ಬನ ತಲೆಗೆ.

ಆಗ ಅವನಿಗೆ, ಬೇಡಬೇಡವೆಂದರೂ, ಒಂದು ಉತ್ತರಪತ್ರಿಕೆ ನೆನಪಾಯಿತು. ಎಂಟು ವರ್ಷದ ಹಿಂದಿನದು. ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸುವ ಕ್ರಮವನ್ನು ಬರೆಯಿರಿ, ಐದು ಅಂಕ. ಎಲ್ಲರೂ ಪುಸ್ತಕದಲ್ಲಿದ್ದಂತೆ, ಮೊದಲು ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆ ಇಳಿಸಬೇಕು ಎಂದು ಬರೆದಿದ್ದರು. ಒಬ್ಬಳು ಮಾತ್ರ ಹೀಗೆ ಬರೆದಿದ್ದಳು: ಮೊದಲು ಮೇಲಿನ ಬೋಲ್ಟು ಬಿಚ್ಚಿಕೊಳ್ಳುತ್ತದೆಯೋ ಇಲ್ಲವೋ ನೋಡಬೇಕು, ಅದು ಬಿಚ್ಚಿಕೊಳ್ಳದಿದ್ದರೆ ಕೆಳಗಿನದನ್ನು ಮುಟ್ಟಬಾರದು, ಮುಟ್ಟಿದರೆ ಕೂತು ಅಳಬೇಕಾಗುತ್ತದೆ. ಕೀರ್ತಿರಾಜ ಕೆಂಪು ಪೆನ್ನಿನಲ್ಲಿ ಅದರ ಮೇಲೆ ಉದ್ದ ಗೀಟು ಎಳೆದು, ಪಕ್ಕದಲ್ಲಿ 'ಅಪ್ರಸ್ತುತ' ಎಂದು ಬರೆದು, ಸೊನ್ನೆ ಕೊಟ್ಟಿದ್ದ. 'ಅಳಬೇಕಾಗುತ್ತದೆ' ಎಂಬುದರ ಕೆಳಗೆ ಎರಡು ಗೀಟು. ಅದನ್ನು ತರಗತಿಯಲ್ಲಿ ಓದಿ ಎಲ್ಲರನ್ನೂ ನಗಿಸಿದ್ದ. ಅವಳು ಎದ್ದು ನಿಂತು, "ಸಾ, ನಮ್ಮಪ್ಪ ಹೊಳೆನರಸೀಪುರದಲ್ಲಿ ಲಾರಿ ಮೆಕ್ಯಾನಿಕ್ಕು, ಅವರು ಇಂಗೇ..." ಎಂದು ಶುರುಮಾಡಿದಾಗ, "ನಿಮ್ಮಪ್ಪ ಪೇಪರ್ ತಿದ್ತಾರೇನಮ್ಮ? ಕೂತ್ಕೋ" ಎಂದಿದ್ದ. ಆ ಸೊನ್ನೆಯಿಂದ ಅವಳು ಆ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಅವಳ ಹೆಸರು ಶೋಭಿತಾ. ಈಗ ಹೊಳೆನರಸೀಪುರ ರಸ್ತೆಯಲ್ಲಿ ಅವಳದೇ ಗ್ಯಾರೇಜು. ದಿನವೂ ಕಾಲೇಜಿಗೆ ಅದರ ಬೋರ್ಡಿನ ಮುಂದೆಯೇ ಹೋಗುವುದು. ಅಲ್ಲಿ ಬಂದಾಗಲೆಲ್ಲ ಅವನು ರಸ್ತೆಯ ಆಚೆ ಬದಿಯ ಗೊಬ್ಬರದ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಇಷ್ಟು ವರ್ಷ ನೋಡದೇ ಇದ್ದ ಆ ಬೋರ್ಡಿನ ಹತ್ತು ಅಂಕಿಯ ಫೋನ್ ನಂಬರು ತನಗೆ ಬಾಯಿಪಾಠವಾಗಿದೆಯೆಂಬುದು ಕಾರಿನ ಕೆಳಗೆ ಗೊತ್ತಾದಾಗ ಅವನಿಗೆ ನಾಚಿಕೆಯೂ ಆಶ್ಚರ್ಯವೂ ಒಟ್ಟಿಗೇ ಆದವು.

"ಹಲೋ, ಶೋಭಿತಾ ಅವರಾ? ನಾನು, ಆಟೋಮೊಬೈಲ್... ಕೀರ್ತಿರಾಜ್" ಎಂದು ಮಾವನ ಪಾದಗಳಿಗೆ ಕೇಳಿಸದಂತೆ ಪಿಸುಗುಟ್ಟಿದ. "ಯಾರು? ಜೋರಾಗ್ ಏಳಿ, ಕೇಳುಸ್ತಿಲ್ಲ!" ಎಂದು ಆಚೆಯಿಂದ ಬಂತು. ಅವನು ಜೋರಾಗಿ ಹೇಳಬೇಕಾಯಿತು. ಹೆಬ್ಬೆರಳುಗಳು ಆಡುವುದನ್ನು ನಿಲ್ಲಿಸಿದವು. "ನನ್ನ ಸ್ಟೂಡೆಂಟು ಮಾವ. ನೋಡ್ಕೊಂಡು ಕಲೀಲಿ ಅಂತ ಕರೀತಿದೀನಿ" ಎಂದ. ಇಷ್ಟು ನೀಚವಾದ ವಾಕ್ಯವನ್ನು ತಾನು ಇದುವರೆಗೆ ಆಡಿರಲಿಲ್ಲವೆಂದು ಅವನಿಗೆ ಖಚಿತವಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಸ್ಕೂಟರಿನಲ್ಲಿ ಬಂದಳು. ಎಣ್ಣೆ ಕಲೆಯ ನೀಲಿ ಅಂಗಿ, ಪ್ಯಾಂಟು, ಕಾಲ ಬಳಿ ಒಂದು ಗೋಣಿಚೀಲದಲ್ಲಿ ಸಾಮಾನು. "ನಮಸ್ಕಾರ ಸಾ" ಎಂದಳು. ಟಬ್ಬು ನೋಡಿದಳು. ಕಾರಿನ ಕೆಳಗೆ ಇಣುಕಿದಳು. ಮತ್ತೆ ಟಬ್ಬು ನೋಡಿದಳು. ಒಂದೇ ಒಂದು ಮಾತು ಹೇಳಲಿ, ಅಳಬೇಕಾಗುತ್ತದೆ ಅಂತ ಬರೆದಿದ್ದೆನಲ್ಲ ಸಾ ಎನ್ನಲಿ ಎಂದು ಕೀರ್ತಿರಾಜ ಕಾದ. ಅವಳು ನೆನಪಿಟ್ಟುಕೊಂಡಿದ್ದಾಳೋ ಮರೆತಿದ್ದಾಳೋ ಎಂದು ಮುಖದಲ್ಲಿ ಹುಡುಕಿದ. ಮರೆತಿದ್ದರೆ ಇನ್ನೂ ಅವಮಾನ. ಎಂಟು ವರ್ಷ ತಾನೊಬ್ಬನೇ ಅದನ್ನು ಹೊತ್ತುಕೊಂಡು ತಿರುಗಿದ ಹಾಗಾಯಿತು. ಅವಳು ಕೆಳಗೆ ನುಸುಳಿ, ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, "ಅಯ್ಯೋ, ಯಾರ್ ಸಾ ಇದು ಇಷ್ಟ್ ಟೈಟ್ ಮಾಡಿರಾದು?" ಎಂದಳು. "ಮೊದ್ಲಿಂದ ಹಾಗೇ ಇತ್ತು" ಎಂದ ಕೀರ್ತಿರಾಜ. "ಇಲ್ಲ ಸಾ, ಇದು ಹೊಸಾ ಗೀರು. ಯಾರೋ ಈಗ್ಲೇ ಉಲ್ಟಾ ತಿರುಗ್ಸವ್ರೆ" ಎಂದಳು. ಅವನು ಪಕ್ಕದಲ್ಲಿ ಬಗ್ಗಿ ಆ ಗೀರು ನೋಡಿದ. ಬೋಲ್ಟಿನ ಹಿಂಬದಿಯಿಂದ ಕೈ ಹಾಕಿದ್ದರಿಂದ ಎಡ ಬಲವಾಗಿ, ಬಲ ಎಡವಾಗಿ, ಒಂದೂಕಾಲು ಗಂಟೆಯಿಂದ ಅವನು ಅದನ್ನು ಬಿಚ್ಚುತ್ತಿರಲಿಲ್ಲ, ಬಿಗಿಯುತ್ತಿದ್ದ. ಒಂದು ಬೋಲ್ಟನ್ನು ಇಷ್ಟು ಶ್ರದ್ಧೆಯಿಂದ ಬಿಗಿದ ಮನುಷ್ಯ ಹಾಸನ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಅವಳು ಗೋಣಿಚೀಲದಿಂದ ಎರಡಡಿ ಕಬ್ಬಿಣದ ಪೈಪು ತೆಗೆದು ಸ್ಪ್ಯಾನರಿನ ಹಿಡಿಗೆ ತೂರಿಸಿ, ಕಾಲು ಗೋಡೆಗೆ ಒದೆ ಕೊಟ್ಟು ಜಗ್ಗಿದಳು. ಟಕ್ ಎಂದಿತು. ಕೀರ್ತಿರಾಜನ ಮೈಯೊಳಗೂ ಏನೋ ಸಡಿಲಾಯಿತು. ಆಮೇಲಿನದೆಲ್ಲ ಬೇಗ. ಕೆಳಗಿನ ಬೋಲ್ಟು ಕೂರಿಸಿ, ಮೇಲಿನ ತೂತಿಗೆ ರಬ್ಬರ್ ಪೈಪು ಇಟ್ಟು, ಆಲಿಕೆಯಲ್ಲಿ ಹೊಸ ಎಣ್ಣೆ ಹೊಯ್ದಳು. ನಸುಗೆಂಪಗೆ, ಓಕುಳಿ ನೀರಿನ ಹಾಗಿತ್ತು. "ನಿಧಾನುಕ್ಕೆ ಉಯ್ಯಿ ಸಾ, ಚೆಲ್ಲಿದಾಗ ತುಂಬ್ತು ಅಂತ" ಎಂದು ಡಬ್ಬವನ್ನು ಅವನ ಕೈಗೆ ಕೊಟ್ಟಳು. ಇದು ಅವನದೇ ಪಾಠದ ವಾಕ್ಯ. ಅವಳ ಬಾಯಲ್ಲಿ ಮೊದಲ ಸಲ ಅದಕ್ಕೊಂದು ಅರ್ಥ ಬಂದಂತಾಯಿತು. ಹೊರಕ್ಕೆ ಒಂದು ಎಳೆ ಚೆಲ್ಲಿತು. ನೆಲಕ್ಕೆ ಬೀಳುವ ಮೊದಲೇ ನೇಮಿರಾಜಯ್ಯನವರು ಅದಕ್ಕೊಂದು ತಟ್ಟೆ ಹಿಡಿದರು, ಇರುವೆಗಳ ಪರವಾಗಿ. ಶೋಭಿತಾ ಮೇಲಿನ ಬೋಲ್ಟು ಬಿಗಿದು, "ಕೀ ಎಲ್ಲಿ ಸಾ?" ಎಂದಳು. "ಅಕ್ಕಿ ಡಬ್ಬಿಯಲ್ಲಿ" ಎಂದ. ಹತ್ತಿರ ಕೀಲಿಯಿದ್ದರೆ ಈ ಕಾರು ಸದ್ದಿಲ್ಲದೆ ಬ್ಯಾಟರಿ ಚಾಲೂ ಆಗಿ ಎದ್ದು ಕೂರುತ್ತದೆಂದು ಓದಿ, ಹೆದರಿ, ಅಕ್ಕಿಯಲ್ಲಿ ಮೊಣಕೈವರೆಗೆ ಹೂತಿಟ್ಟಿದ್ದ. "ಅದೊಂದ್ ಸರ್ಯಾಗ್ ಮಾಡಿದೀರಿ" ಎಂದಳು. ಅವನಿಗೆ ಸಂತೋಷದಿಂದ ಕಣ್ಣು ತುಂಬಿತು; ಅದಕ್ಕಾಗಿ ತನ್ನ ಮೇಲೆ ಸಿಟ್ಟೂ ಬಂತು.

ಗಂಟೆ ಐದು ಮೂವತ್ತೈದು. ಪಡುವಣ ಕಿಟಕಿಯ ಆಚೆ ಸೂರ್ಯ ನೀರಿನ ಟ್ಯಾಂಕಿನ ಪಕ್ಕಕ್ಕೆ ಬಂದಿದ್ದ. ಕೀರ್ತಿರಾಜ ಓಡಾಡಿ ಎರಡು ತಟ್ಟೆ ಹಾಕಿದ. ಚಪಾತಿ, ಹೆಸರುಕಾಳಿನ ಪಲ್ಯ, ಅನ್ನ, ಸಾರು. ಆತುರದಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಮೂರು ಚಮಚದಷ್ಟು ಒಂದೇ ಸಲ ಮಾವನ ತಟ್ಟೆಗೆ ಜಾರಿತು. ಕುದಿಸಿ ಆರಿಸಿದ ನೀರು ತಳದಲ್ಲಿ ಉಳಿದದ್ದು ಅರ್ಧ ಲೋಟ, ಅದನ್ನಿಟ್ಟ. ಶೋಭಿತಾ ಕೈ ತೊಳೆದುಕೊಂಡು ಹಜಾರದ ಕುರ್ಚಿಯಲ್ಲಿ ಕೂತಳು. ಊಟ ಮಾಡಮ್ಮ ಎಂದರೆ ಆಮೇಲೆ ಎಂದಳು. ನೇಮಿರಾಜಯ್ಯನವರು ಕೂರುವ ಮುಂಚೆ ಅವಳ ಕಡೆ ತಿರುಗಿ, "ನೋಡವ್ವ, ಗುರುಗಳು ಎಂಗೆ ತಯಾರು ಮಾಡವ್ರೆ ನಿನ್ನ! ನಿನ್ ಪುಣ್ಯ" ಎಂದು ಕೈಮುಗಿದು, ತಟ್ಟೆಯ ಮುಂದೆ ಕೂತು, ಬಾಯಿ ಮುಚ್ಚಿದರು. ಮೌನ ಶುರುವಾಯಿತು.

ಶೋಭಿತಾ ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ನೋಡಿ ಕೀರ್ತಿರಾಜನಿಗೆ ತಡೆಯಲಾಗಲಿಲ್ಲ. ಇದಕ್ಕಿಂತ ಒಳ್ಳೆಯ ಸಮಯ ಬಾರದು ಎಂದೂ ಒಂದು ಕಡೆ ಹೊಳೆಯಿತು: ಏನು ಹೇಳಿದರೂ ಮಾವನವರು ತಿರುಗಿ ಒಂದು ಮಾತಾಡುವ ಹಾಗಿಲ್ಲ. ಧೈರ್ಯ ಇದಲ್ಲವೆಂದು ಅವನಿಗೆ ಗೊತ್ತಿತ್ತು, ಆದರೂ ಶುರುಮಾಡಿದ. "ಮಾವ, ನನಗೆ ಏನೂ ಬರಲ್ಲ" ಎಂದ. ನೇಮಿರಾಜಯ್ಯನವರು ಚಪಾತಿ ಮುರಿದರು. ಸಣ್ಣಯ್ಯನ ಮಾತು ಹೇಳಿದ. ನಾಲ್ಕು ಬಣ್ಣದ ಸೀಮೆಸುಣ್ಣದ ಮಾತು ಹೇಳಿದ. ಬೋಲ್ಟು ಬಿಗಿದದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ರುಚಿ ಹತ್ತಿತು. ತನ್ನೊಳಗೆ ಇಷ್ಟೊಂದು ಕೆಟ್ಟದ್ದು, ಇಷ್ಟು ಚೆನ್ನಾಗಿ ಹೇಳುವಂಥದ್ದು ಇತ್ತೇ ಎಂದು ಬೆರಗಾಯಿತು. ತಟ್ಟೆಯಲ್ಲಿ ಬಿಟ್ಟೇಳುವ ಅಭ್ಯಾಸ ನೇಮಿರಾಜಯ್ಯನವರಿಗಿಲ್ಲ. ಉಪ್ಪಿನಕಾಯಿಯನ್ನು ಹೋಳು ಹೋಳಾಗಿ, ಕಣ್ಣು ಮುಚ್ಚಿ ಮುಚ್ಚಿ ತಿಂದರು. ನೀರಿನ ಲೋಟ ಬರಿದಾಯಿತು. ಮಾವನ ಕಣ್ಣಂಚಿನಲ್ಲಿ ನೀರು ಬಂದದ್ದನ್ನು ಕೀರ್ತಿರಾಜ ನೋಡಿದ, ತನ್ನ ಮಾತು ಇಷ್ಟು ಆಳಕ್ಕೆ ಇಳಿಯಿತಲ್ಲ ಎಂದು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದ.

"ಈ ಹುಡುಗಿ ಸರಿಯಾಗೇ ಬರೆದಿದ್ಳು ಮಾವ. ನಾನು ಸೊನ್ನೆ ಕೊಟ್ಟೆ. ಎಲ್ಲರ ಮುಂದೆ ಓದಿ ನಗಿಸಿದೆ" ಎಂದಾಗ ನೇಮಿರಾಜಯ್ಯನವರು ಬಲಗೈ ಎತ್ತಿ, ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ ಎರಡು ಸಲ ಆಡಿಸಿದರು. ಸಾಕು, ಕ್ಷಮಿಸಿದೆ ಎಂಬ ಸನ್ನೆ. ಇಷ್ಟು ಸುಲಭದ ಕ್ಷಮೆ ಕೀರ್ತಿರಾಜನಿಗೆ ಬೇಡವಾಗಿತ್ತು. "ಇಲ್ಲ ಮಾವ, ನೀವು ದೊಡ್ಡ ಮನಸ್ಸು ಮಾಡ್ಬೇಡಿ, ಪೂರ್ತಿ ಕೇಳಿ" ಎಂದ. ಅವರು ಮತ್ತೆ ಆಡಿಸಿದರು, ಈ ಸಲ ಕಿಟಕಿಯ ಕಡೆ ಕಣ್ಣು ಹೊರಳಿಸಿ. ಟ್ಯಾಂಕಿನ ಹಿಂದೆ ಸೂರ್ಯನ ಒಂದು ಚೂರು ಉಳಿದಿತ್ತು. ಹಜಾರದಿಂದ ಶೋಭಿತಾ ಎದ್ದು ನಿಂತಳು. "ಸಾ, ಮೊದ್ಲು ಅವ್ರಿಗೆ..." "ಕೂತ್ಕೋಮ್ಮ. ಮಧ್ಯೆ ಬಾಯಿ ಹಾಕ್ಬೇಡ. ಇದು ನಿನಗೂ ಕೇಳಿಸ್ಬೇಕಾದ್ದೇ" ಎಂದ ಕೀರ್ತಿರಾಜ. "ಸಾ, ಅದಲ್ಲ, ಮಜ್ಜಿಗೆ..." "ಆ ವಿಷಯ ಆಮೇಲೆ!" ಎಂದು ಕೈ ಎತ್ತಿ ತಡೆದು, ಕೆಂಪು ಪೆನ್ನಿನ ಎರಡು ಗೀಟಿನ ಕಥೆಯನ್ನು ಪೂರ್ತಿಯಾಗಿ, ಏನನ್ನೂ ಬಿಡದೆ, ಹೇಳಿ ಮುಗಿಸಿದ.

ಹೇಳಿ ಮುಗಿದಾಗ ಮನಸ್ಸು ತೊಳೆದಿಟ್ಟ ಪಾತ್ರೆಯಂತಾಗಿತ್ತು. ಕಿಟಕಿಯಲ್ಲಿ ಬರೀ ಕೆಂಪಿತ್ತು. ನೇಮಿರಾಜಯ್ಯನವರು ಪಂಚಾಂಗ ತೆಗೆದು, ಗೋಡೆಯ ಗಡಿಯಾರ ನೋಡಿ, ಐದು ಐವತ್ತೇಳು, ಎದ್ದರು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಒಂದು ಹನಿಯೂ ಒಳಗೆ ಹೋಗದಂತೆ ಉಗಿದು, ಟವೆಲಿನಿಂದ ತುಟಿ ಒರೆಸಿಕೊಂಡು ಬಂದರು. "ಅಳಿಯಂದ್ರೇ, ನೀವೇನೋ ಬಾಳಾ ಏಳ್ತಿದ್ರಿ. ಉಪ್ಪಿನಕಾಯಿ ಖಾರುಕ್ಕೆ ಕಿವಿ ಗುಯ್ ಅಂತಿತ್ತು, ಅರ್ಧ ಕೇಳುಸ್ಲಿಲ್ಲ. ನಾನು ಮಜ್ಜಿಗೆ ಕೇಳಿದ್ದೆ" ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಸ್ವಲ್ಪ ಗೊಗ್ಗರಿತ್ತು. ಕೀರ್ತಿರಾಜ ಅಡುಗೆಮನೆಯ ಕಟ್ಟೆ ನೋಡಿದ. ಜ್ವಾಲಾಮಾಲಿನಿ ತಟ್ಟೆ ಮುಚ್ಚಿಟ್ಟಿದ್ದ ಪಾತ್ರೆ ಅಲ್ಲೇ ಇತ್ತು, ಪಕ್ಕದಲ್ಲಿ ದೊಡ್ಡ ಲೋಟ ಬೋರಲು. ಫೋನು ಬಡಿದುಕೊಂಡಿತು, ಅರಕಲಗೂಡಿನಿಂದ ಅವಳು. ಅವನು ಎತ್ತಲಿಲ್ಲ.

"ಮಾವ, ಎರಡೇ ನಿಮಿಷ ಹೆಚ್ಚಾಗಿರೋದು" ಎಂದ, ಅಳುವ ಧ್ವನಿಯಲ್ಲಿ. "ಬುಡಿ, ಬುಡಿ. ಬೆಳಿಗ್ಗೆ ಆಗೇ ಆಯ್ತದೆ. ಅದ್ನ ಆ ಮಗೀಗೆ ಕೊಡಿ, ಪಾಪ, ಕೆಲಸ ಮಾಡವ್ಳೆ" ಎಂದು ನೇಮಿರಾಜಯ್ಯನವರು ಕುರ್ಚಿಯಲ್ಲಿ ಕೂತರು.

ಕೀರ್ತಿರಾಜ ಲೋಟ ನೆಟ್ಟಗಿಟ್ಟು ಹೊಯ್ದ. ಕರಿಬೇವು, ಇಂಗಿನ ವಾಸನೆ ಹಜಾರದವರೆಗೆ ಹೋಯಿತು. ಅದನ್ನು ಹಜಾರಕ್ಕೆ ಒಯ್ದು ಅವಳ ಕೈಗಿಟ್ಟು ಪಾತ್ರೆಯಿಂದ ಇನ್ನಷ್ಟು ಹೊಯ್ದ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಮಜ್ಜಿಗೆ ಅಂಚು ದಾಟಿ ಚೆಲ್ಲಿ, ಶೋಭಿತಾಳ ಬೆರಳುಗಳ ಮೇಲೆ ಇಳಿಯಿತು. "ತುಂಬ್ತು ಸಾ" ಎಂದಳು ಅವಳು, ಮೆಲ್ಲಗೆ. ಅವನು ಈ ಸಲ ಅವಳ ಮಾತು ಕೇಳಿ ನಿಲ್ಲಿಸಿದ. ಅವಳು ಲೋಟವನ್ನು ತುಟಿಗೆ ಇಟ್ಟಳು. ಎದುರು ಕುರ್ಚಿಯಲ್ಲಿ, ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ ಮಾವನವರ ಗಂಟಲ ಗುಳಿ, ಅವಳ ಒಂದೊಂದು ಗುಟುಕಿಗೂ, ಮೇಲೆ ಹೋಗಿ ಕೆಳಗೆ ಬಂತು.